ಒತ್ತಿದ್ದೆ ಎಂದವನು

ಬೀದಿಗೆಲ್ಲ ಅವಳು ವೈರಿಂಗ್ ಅಕ್ಕ. ಮೂವತ್ತು ವರ್ಷದಿಂದ ಮನೆಗಳಿಗೆ, ಅಂಗಡಿಗಳಿಗೆ, ಒಂದೆರಡು ವರ್ಕ್‌ಶಾಪುಗಳಿಗೆ ಕರೆಂಟಿನ ಕೆಲಸ ಮಾಡಿದವಳು. ತಾನು ಎಳೆದ ತಂತಿಯ ಬಗ್ಗೆ ಯಾರಾದರೂ ಸೊಲ್ಲೆತ್ತಿದರೆ ಸಾಕು, ಮೂಗಿನ ತುದಿಗೇ ಸಿಟ್ಟು. ಆ ಸಿಟ್ಟಿನ ಭರದಲ್ಲೇ ಒಂಬತ್ತು ವರ್ಷದ ಹಿಂದೆ ಅವಳು ಒಡಹುಟ್ಟಿದ ತಮ್ಮನ ಮಾತನ್ನು ನಂಬದೆ ಹೋದಳು.

ತಮ್ಮ ಆಗ ತಗಡು ಮಡಿಸುವ ಪ್ರೆಸ್ ಮೆಷಿನ್ ನಡೆಸುತ್ತಿದ್ದ. ಒಂದು ದಿನ ಅದು ಅವನ ಬಲಗೈಯ ಎರಡು ಬೆರಳು ತೆಗೆದುಕೊಂಡಿತು. ಆಸ್ಪತ್ರೆಯ ಮಂಚದ ಮೇಲೆ ಅವನದು ಒಂದೇ ಮಾತು: "ನಾನು ಕೆಂಪು ಬಟನ್ ಒತ್ತಿದ್ದೆ. ಮೆಷಿನ್ ನಿಲ್ಲಲಿಲ್ಲ." ಆ ಬಟನ್ನಿಗೆ ತಂತಿ ಎಳೆದವಳು ಅಕ್ಕನೇ. ವರ್ಕ್‌ಶಾಪಿನ ಯಜಮಾನ ಅವಳನ್ನೇ ಕರೆಸಿದ. ಅವಳು ಬಟನ್ನಿನ ಡಬ್ಬಿ ಬಿಚ್ಚಿದಳು, ನೋಡಿದಳು, ಬಟನ್ ಒತ್ತಿದಳು. ಯಂತ್ರ ತೆಪ್ಪಗೆ ನಿಂತಿತು. "ಬಟನ್ ಸರಿಯಾಗಿದೆ. ಇವನ ಕೈ ಅಲ್ಲೀವರೆಗೆ ಹೋಗಿರುತ್ತೆ, ಗಾಬರೀಲಿ ಒತ್ತೋಕೆ ಆಗಿರಲ್ಲ" ಎಂದು ನಾಲ್ಕು ಜನರ ಮುಂದೆ ಹೇಳಿಬಿಟ್ಟಳು. ಸ್ವಂತ ಅಕ್ಕನೇ ಹೇಳಿದ ಮೇಲೆ ಇನ್ಯಾರು ಅವನ ಮಾತು ಕೇಳುತ್ತಾರೆ? ಮೈಮರೆತವನು ಎಂಬ ಹೆಸರು ಅವನಿಗೆ ಅಂಟಿಕೊಂಡಿತು. ಆಮೇಲೆ ಯಾರೂ ಅವನನ್ನು ಯಂತ್ರದ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಗೋಡೌನಿನಲ್ಲಿ ಡಬ್ಬಗಳಿಗೆ ಚೀಟಿ ಅಂಟಿಸುವ ಕೆಲಸ ಸಿಕ್ಕಿತು.

ಅಂಥವನು ಹೋದ ವರ್ಷ ಮನೆಯ ಹಿಂದಿನ ಕೋಣೆಯಲ್ಲಿ ತಾನೇ ಒಂದು ಯಂತ್ರ ಕಟ್ಟಲು ಕೂತ. ಅಲ್ಯೂಮಿನಿಯಂ ಕೊರೆಯುವ ಸಿಎನ್‌ಸಿ. ಕಂಪ್ಯೂಟರಿನಲ್ಲಿ ಚಿತ್ರ ಬರೆದುಕೊಟ್ಟರೆ ಮೋಟಾರುಗಳು ಕಟರನ್ನು ಅದೇ ದಾರಿಯಲ್ಲಿ ನಡೆಸುತ್ತವೆ, ಕೈ ಹಾಕುವ ಮಾತೇ ಇಲ್ಲ. ಮೊದಲು ಪ್ಲೈವುಡ್ಡಿನಲ್ಲಿ ಚೌಕಟ್ಟು ಮಾಡಿದ. ಮೋಟಾರು ತಿರುಗಿದ್ದೇ ತಡ, ಅದು ಜ್ವರ ಬಂದವರ ಹಾಗೆ ನಡುಗಿತು. ಅಲ್ಯೂಮಿನಿಯಂಗೆ ಇಂಥ ನಡುಕ ಒಗ್ಗುವುದಿಲ್ಲ; ಲೋಹ ಕರಗಿ ಕಟರಿಗೇ ಮೆತ್ತಿಕೊಳ್ಳುತ್ತದೆ. ಎರಡನೆಯ ಸಲ ದಪ್ಪ ಕಬ್ಬಿಣದ ಚೌಕ ಪೈಪು ತಂದು, ಒಳಗೆ ಒಣ ಮರಳು ತುಂಬಿ, ಬಾಯಿ ಬೆಸುಗೆ ಹಾಕಿದ. ಕಟರು ಓಡಾಡುವ ಉಕ್ಕಿನ ಹಳಿಗಳನ್ನು ಸಮ ಮಾಡಲು ತಂಪುಪಾನೀಯದ ಖಾಲಿ ಡಬ್ಬಿ ಕತ್ತರಿಸಿ, ಆ ತೆಳು ಪಟ್ಟಿಗಳನ್ನು ಅಡಿಗೆ ಕೊಟ್ಟ. ಮೂರು ಬೆರಳಿನ ಬಲಗೈಯಲ್ಲಿ ಒಂದೊಂದು ಬೋಲ್ಟು ಕೂರಿಸಲೂ ಅವನಿಗೆ ಹೊತ್ತು ಹಿಡಿಯುತ್ತಿತ್ತು. ಆದರೂ ಹನ್ನೊಂದು ತಿಂಗಳು ಬಿಡದೆ ಹಟ ಹಿಡಿದು ಕಟ್ಟಿದ.

ತಮ್ಮನ ಹೆಂಡತಿ ಬಸ್ ಕಂಡಕ್ಟರ್. ಅವಳು ಮನೆಯಲ್ಲಿ ಮಾತಾಡಿದರೂ ಹಿಂದಿನ ಸೀಟಿಗೆ ಕೇಳಿಸಬೇಕು. "ಈ ಭೂತ ನಮ್ಮನೇಲಿ ಇರಬೇಕು ಅಂದ್ರೆ ಒಂದೇ ಮಾತು ಅತ್ತಿಗೆ. ಇದನ್ನ ಓಡಿಸೋದು ಇವರು, ನಿಲ್ಲಿಸೋ ಜವಾಬ್ದಾರಿ ನಿಮ್ಮದು."

"ನಿಲ್ಲಿಸೋದು ನನಗೆ ಬಿಡೇ" ಎಂದು ಅಕ್ಕ ಎದೆ ಸೆಟೆಸಿ ಹೇಳಿದಳು. ಬೇರೆಯವರ ಕೈಗೆ ಆ ಕೆಲಸ ಕೊಟ್ಟಿದ್ದರೆ ಜಗಳವೇ ಆಗುತ್ತಿತ್ತು. ಮುಷ್ಟಿಯಷ್ಟು ದೊಡ್ಡ ಕೆಂಪು ಬಟನ್ ಹುಡುಕಿ ತಂದು ಯಂತ್ರದ ಮುಂದೆಯೇ ಕೂರಿಸಿದಳು. ಒತ್ತಿದರೆ ಎರಡು ತಂತಿ ಕೂಡುತ್ತವೆ, ಯಂತ್ರಕ್ಕೆ ಸುದ್ದಿ ಹೋಗುತ್ತದೆ, ಅದು ನಿಲ್ಲುತ್ತದೆ. ಹತ್ತು ಸಲ ಒತ್ತಿ ನೋಡಿದಳು. ಹತ್ತು ಸಲವೂ ನಿಂತಿತು.

ಆ ಭಾನುವಾರ ಬೆಳಿಗ್ಗೆ ಮೊದಲ ಅಲ್ಯೂಮಿನಿಯಂ ಪ್ಲೇಟು. ಬೆರಳು ದಪ್ಪದ ತುಂಡನ್ನು ಅವನು ಯಂತ್ರದ ಮೇಜಿಗೆ ಕ್ಲಾಂಪು ಹಾಕಿ ಬಿಗಿದ. ಕಟರು ಇಳಿಯಿತು. ಬೆಳ್ಳಿ ಚೂರುಗಳು ಚಿಮ್ಮಿದವು, ಕೊರೆದ ಗೆರೆ ಕನ್ನಡಿಯ ಹಾಗೆ ಹೊಳೆಯಿತು. "ನೋಡಕ್ಕಾ, ನೋಡು!" ಎಂದು ತಮ್ಮ ಕೂಗಿದ. ಎಷ್ಟೋ ವರ್ಷದ ಮೇಲೆ ಅವನ ಮುಖ ಅರಳಿದ್ದು ಕಂಡು ಅಕ್ಕನ ಕಣ್ಣು ತುಂಬಿತು.

ಅಷ್ಟರಲ್ಲಿ ಒಂದು ಕ್ಲಾಂಪು ಸಡಿಲಾಯಿತು. ಪ್ಲೇಟು ಅಲುಗಿತು. ಯಂತ್ರದ ಕೆಲಸ ಬಲ್ಲವನಿಗೆ ಅಲುಗುವ ವಸ್ತು ಕಂಡರೆ ಕೈ ತಾನಾಗಿ ಹೋಗುತ್ತದೆ. ಕೈ ಹಾಕಬಾರದೆಂದೇ ಯಂತ್ರ ಕಟ್ಟಿದವನು ಎಡಗೈ ಹಾಕಿಬಿಟ್ಟ. ಕಟರು ಪ್ಲೇಟನ್ನು ಕಚ್ಚಿಕೊಂಡು ಪಕ್ಕಕ್ಕೆ ಎಳೆದು ಚೌಕಟ್ಟಿನ ಕಬ್ಬಿಣದ ಕಂಬಕ್ಕೆ ಒತ್ತಿತು. ನಡುವೆ ಅವನ ಕೈ ಸಿಕ್ಕಿಕೊಂಡಿತು. ಪ್ಲೇಟು ಇನ್ನು ಸರಿಯಲು ಜಾಗವಿಲ್ಲದೆ ನಿಂತಾಗ, ಕಟರು ಅದನ್ನು ಕೊರೆಯುತ್ತಾ ನಿಧಾನವಾಗಿ ಕೈಯ ಕಡೆಗೆ ಬರತೊಡಗಿತು.

ಅಕ್ಕ ಬಟನ್ ಒತ್ತಿದಳು.

ಯಂತ್ರ ನಿಲ್ಲಲಿಲ್ಲ. ಮತ್ತೆ ಒತ್ತಿದಳು. ಅಂಗೈಯಿಂದ ಒತ್ತಿದಳು, ಮುಷ್ಟಿಯಿಂದ ಗುದ್ದಿದಳು. ಬಟನ್ ಒಳಗೆ ಹೋಗುತ್ತಿತ್ತು, ಟಕ್ ಎನ್ನುತ್ತಿತ್ತು, ಕಟರು ಬರುತ್ತಲೇ ಇತ್ತು. ತಮ್ಮ "ಅಕ್ಕಾ, ಒತ್ತು! ಒತ್ತೇ!" ಎಂದು ಕಿರುಚುತ್ತಿದ್ದ. "ಒತ್ತಿದೀನಿ ಕಣೋ!" ಎಂದು ಅವಳೂ ಕಿರುಚಿದಳು. ತನ್ನ ಬಾಯಿಂದ ಬಂದ ಆ ಮಾತು ಕಿವಿಗೆ ಬಿದ್ದದ್ದೇ ಅವಳ ಕೈಕಾಲು ಮರಗಟ್ಟಿದವು. ಗೋಡೆಯ ಪ್ಲಗ್ಗು ಮೂರು ಹೆಜ್ಜೆ ದೂರದಲ್ಲಿತ್ತು. ಮೂವತ್ತು ವರ್ಷ ಕರೆಂಟಿನ ಕೆಲಸ ಮಾಡಿದವಳಿಗೆ ಅದು ಹೊಳೆಯಲೇ ಇಲ್ಲ.

ಹೊಳೆದದ್ದು ಬಾಗಿಲಿಗೆ ಓಡಿಬಂದ ಕಂಡಕ್ಟರಮ್ಮನಿಗೆ. ಅವಳು ತಂತಿಯನ್ನೇ ಹಿಡಿದು ಪ್ಲಗ್ಗನ್ನು ಕಿತ್ತಳು. ಕಟರು ಗೊಣಗುತ್ತಾ ನಿಂತಾಗ ಅದಕ್ಕೂ ಅವನ ಕಿರುಬೆರಳಿಗೂ ನಡುವೆ ಒಂದು ಕಡಲೆಕಾಳು ಹಿಡಿಸುವಷ್ಟು ಜಾಗವಿತ್ತು.

ಕೈ ಬಿಡಿಸಿದರು. ಗೆಣ್ಣು ಜಜ್ಜಿತ್ತು, ಅಷ್ಟೇ. ತಮ್ಮ ನೆಲದ ಮೇಲೆ ಕೂತು ಬೆರಳು ಎಣಿಸಿಕೊಂಡ. "ಐದೂ ಇವೆ" ಎಂದು ನಗಲು ನೋಡಿದ, ಹಲ್ಲು ಕಟಕಟ ಅಂದವು.

ಅಕ್ಕ ತಂತಿಯ ಜಾಡು ಹಿಡಿದಳು. ಒಂದು ಕಬ್ಬಿಣದ ಪಟ್ಟಿಯ ಚೂಪು ಅಂಚಿಗೆ ಉಜ್ಜಿ ಉಜ್ಜಿ ಬಟನ್ನಿನ ಒಂದು ತಂತಿ ಕಡಿದುಹೋಗಿತ್ತು. "ನನ್ನದೇ ತಪ್ಪು ಅಕ್ಕ. ಆ ಅಂಚಿಗೆ ಅರ ಹಾಕಿ ನುಣ್ಣಗೆ ಮಾಡಬೇಕಿತ್ತು, ಮರೆತೆ" ಎಂದು ತಮ್ಮ ಒಪ್ಪಿಕೊಂಡ. ಅವಳು ಕಡಿದ ತಂತಿಯನ್ನು ಹಿಡಿದು ಹಾಗೇ ಕುಕ್ಕರಿಸಿದಳು.

ಮನೆಯಲ್ಲಿ ತಂತಿ ಕಡಿದರೆ ದೀಪ ಆರುತ್ತದೆ. ಕತ್ತಲಾಗುತ್ತದೆ, ಎಲ್ಲರಿಗೂ ತಿಳಿಯುತ್ತದೆ. ನಿಲ್ಲಿಸುವ ಬಟನ್ನಿನ ತಂತಿ ಕಡಿದರೆ ಏನೂ ಆಗುವುದಿಲ್ಲ, ಒತ್ತುವವರೆಗೂ ಯಾರಿಗೂ ತಿಳಿಯುವುದಿಲ್ಲ. ಅದಕ್ಕೇ ಅದನ್ನು ತಿರುಗಿಸಿ ಜೋಡಿಸಬೇಕು: ಅದರಲ್ಲಿ ಸದಾ ಕರೆಂಟು ಹರಿಯುತ್ತಿರಬೇಕು, ಒತ್ತಿದರೂ ತಂತಿ ಕಡಿದರೂ ಯಂತ್ರ ನಿಲ್ಲಬೇಕು. ಮನೆ ವೈರಿಂಗಿನಲ್ಲಿ ಪಳಗಿದ ಅವಳಿಗೆ ಇಷ್ಟು ಸಣ್ಣ ವಿಷಯ ಇವತ್ತಿನವರೆಗೆ ಹೊಳೆದಿರಲಿಲ್ಲ. ಆ ಪ್ರೆಸ್ ಮೆಷಿನ್ನಿಗೂ ಅವಳು ಈ ಬಟನ್ನಿನ ಹಾಗೆಯೇ, ಒತ್ತಿದರೆ ಮಾತ್ರ ತಂತಿ ಕೂಡುವಂತೆ ಜೋಡಿಸಿದ್ದಳು.

ಹಾಗಾದರೆ ಅವತ್ತು ತಾನು ಒತ್ತಿದಾಗ ಅದು ನಿಂತದ್ದು ಹೇಗೆ? ಯಾವ ಡಬ್ಬಿ ಬಿಚ್ಚಿದರೂ ಅವಳು ಮೊದಲು ಮಾಡುವ ಕೆಲಸ ಒಂದೇ, ಒಳಗಿನ ಸ್ಕ್ರೂಗಳನ್ನೆಲ್ಲ ಒಂದು ಸುತ್ತು ಬಿಗಿ ಮಾಡುವುದು. ಪರೀಕ್ಷೆ ಏನಿದ್ದರೂ ಆಮೇಲೆ. ಅವತ್ತೂ ಅದನ್ನೇ ಮಾಡಿದ್ದಳು. ನಾಲ್ಕು ಸ್ಕ್ರೂಗಳಲ್ಲಿ ಒಂದು ಸಲೀಸಾಗಿ ಎರಡು ಸುತ್ತು ತಿರುಗಿತ್ತು. ಸಡಿಲವಿದ್ದ ತಂತಿಯನ್ನು ತನ್ನ ಕೈಯಾರೆ ಸರಿಮಾಡಿ, ಆಮೇಲೆ ಒತ್ತಿ ನೋಡಿ, ಸರಿಯಾಗಿದೆ ಎಂದು ಹೇಳಿ ಬಂದಿದ್ದಳು.

"ಅವತ್ತು ನೀನು ಒತ್ತಿದ್ದೆ ಕಣೋ" ಎಂದಳು. "ಪ್ರೆಸ್ ಮೆಷಿನ್ ಹತ್ತಿರ. ನೀನು ಒತ್ತಿದ್ದೆ. ಸ್ಕ್ರೂ ಸಡಿಲ ಇತ್ತು. ನಾನೇ ಬಿಗಿ ಮಾಡಿ, ಆಮೇಲೆ ನೋಡಿದೆ. ತಪ್ಪು ನನ್ನದು. ನಾಳೆನೇ ಅವರೆಲ್ಲರ ಹತ್ತಿರ ಹೋಗಿ ಹೇಳ್ತೀನಿ."

ತಮ್ಮ ಜಜ್ಜಿದ ಕೈ ಹಿಡಿದುಕೊಂಡು ಅವಳನ್ನೇ ನೋಡಿದ. ಬೈಯುತ್ತಾನೆ, ಹೊಡೆದರೂ ಹೊಡೆಯುತ್ತಾನೆ ಎಂದುಕೊಂಡು ಅವಳು ಕಾದಳು.

"ಏನಕ್ಕಾ ನೀನು" ಎಂದ ಅವನು ಮೆಲ್ಲಗೆ. "ಅವತ್ತು ನಾನು ಒತ್ತಿರಲಿಲ್ಲ."

"ಒತ್ತಿದ್ದೆ ಕಣೋ. ನೀನೇ ಹೇಳಿದ್ದೆ."

"ಇಲ್ಲ. ನನಗೆ ಚೆನ್ನಾಗಿ ನೆನಪಿದೆ. ಕೈ ಅಲ್ಲೀವರೆಗೆ ಹೋಗಿತ್ತು. ಗಾಬರೀಲಿ ಒತ್ತೋಕೆ ಆಗಲಿಲ್ಲ."

ಅಕ್ಷರ ಬಿಡದೆ, ಅವತ್ತು ನಾಲ್ಕು ಜನರ ಮುಂದೆ ಅವಳಾಡಿದ್ದೇ ಮಾತು. ಅಕ್ಕ ಅವನ ಹೆಂಡತಿಯ ಕಡೆ ತಿರುಗಿದಳು. ಕಂಡಕ್ಟರಮ್ಮನ ಕೈಯಲ್ಲಿ ಪ್ಲಗ್ಗು ಇನ್ನೂ ಹಾಗೇ ಇತ್ತು. ಅವಳ ದನಿ ಆ ಕೋಣೆಗೂ ಸಾಲದಷ್ಟು ಸಣ್ಣದಾಗಿತ್ತು.

"ಮೊದಲನೇ ವರ್ಷ ನಿದ್ದೇಲೂ ಒತ್ತಿದ್ದೆ, ಒತ್ತಿದ್ದೆ ಅಂತಿದ್ರು ಅತ್ತಿಗೆ. ಆಮೇಲೆ ಅನ್ನೋದು ಬಿಟ್ರು."

"ನೋವಲ್ಲಿ ಏನೋ ಬಡಬಡಿಸಿರ್ತೀನಿ ಬಿಡೇ" ಎಂದು ಅವನು ಹೆಂಡತಿಯನ್ನು ಗದರಿದ. ಆಮೇಲೆ ಅಕ್ಕನ ಹತ್ತಿರ ಸರಿದು, ಮೂರು ಬೆರಳಿನ ಕೈಯಿಂದ ಅವಳ ಬೆನ್ನು ಸವರಿದ. "ನೀನು ಅಳಬೇಡಕ್ಕಾ. ನೀನೇ ಖುದ್ದು ನೋಡಿ ಹೇಳಿದ್ದೆಯಲ್ಲ, ಅದು ಹೇಗೆ ಸುಳ್ಳಾಗುತ್ತೆ?"