ಎಸ್ತರಮ್ಮನ ಇಪ್ಪತ್ತು

ನಾನು ರಕ್ತದೊತ್ತಡ ನೋಡುವ ಯಂತ್ರ. ಗುಂಡಿ ಒತ್ತಿದರೆ ಕೀಂ ಕೀಂ ಎನ್ನುವ ಈಗಿನ ಪ್ಲಾಸ್ಟಿಕ್ ಜಾತಿಯ ಜೊತೆ ದಯವಿಟ್ಟು ನನ್ನನ್ನು ಸೇರಿಸಬೇಡಿ. ನಾನು ಪಾದರಸದವನು. ಬೂದು ಬಣ್ಣದ ಲೋಹದ ಪೆಟ್ಟಿಗೆ, ಮುಚ್ಚಳ ತೆರೆದರೆ ಎದ್ದು ನಿಲ್ಲುವ ಗಾಜಿನ ಕೊಳವೆ, ತೋಳಿಗೆ ಸುತ್ತುವ ಪಟ್ಟಿ, ಗಾಳಿ ತುಂಬಲು ಒಂದು ರಬ್ಬರ್ ಗುಂಡು. ಇಷ್ಟೇ ನನ್ನ ಸಂಸಾರ. ಉತ್ತರದ ಒಂದು ಕಾರ್ಖಾನೆಯಲ್ಲಿ ನನ್ನೊಳಗೆ ಪಾದರಸ ಸುರಿದ ಹೆಂಗಸು ಕೊಳವೆಯನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಸೊನ್ನೆಯ ಗೆರೆಯ ಮೇಲೆ ಸರಿಯಾಗಿ ನಿಂತಿದ್ದೇನೆಯೇ ಎಂದು ನೋಡಿದಳು. ನಿಂತಿದ್ದೆ. ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ಅವತ್ತಿನ ಜಂಭ ಬಹಳ ವರ್ಷ ಇಳಿಯಲಿಲ್ಲ ನೋಡಿ.

ಕಲಬುರಗಿಯ ಡಾಕ್ಟರ್ ಅಣವೀರಪ್ಪನವರ ಮೇಜಿನ ಮೇಲೆ ಇಪ್ಪತ್ತೆರಡು ವರ್ಷ ಕೂತಿದ್ದೆ. ವಕೀಲರು, ಕಿರಾಣಿ ಅಂಗಡಿಯವರು, ಮಾಸ್ತರರು, ಅವರ ಹೆಂಡಂದಿರು, ಎಲ್ಲರ ತೋಳೂ ನನಗೆ ಗೊತ್ತು. ಹೊರಗೆ ಹುಲಿಯಂತೆ ಅಬ್ಬರಿಸುವವರು ಪಟ್ಟಿ ಬಿಗಿಯಾಗುತ್ತಲೇ ಬೆಕ್ಕಿನ ಮರಿಯಾಗಿ ನನ್ನ ಕೊಳವೆಯನ್ನೇ ಮಿಕಮಿಕ ನೋಡುತ್ತಿದ್ದರು. ನಾನು ಹೇಳಿದ್ದೇ ಅಂತಿಮ.

ಅರವತ್ತೈದು ತುಂಬಿದಾಗ ಡಾಕ್ಟರು ದವಾಖಾನೆ ಮುಚ್ಚಿದರು. ಮನೆಯಲ್ಲಿ ಸುಮ್ಮನೆ ಕೂರುವ ಪೈಕಿ ಅವರಲ್ಲ. ನಿವೃತ್ತ ಡಾಕ್ಟರು, ನರ್ಸು, ಮಾಸ್ತರು ಎಂದು ಏಳೆಂಟು ಜನರನ್ನು ಕಲೆಹಾಕಿ ಒಂದು ಬಳಗ ಕಟ್ಟಿದರು. ಹದಿನೈದು ದಿನಕ್ಕೊಮ್ಮೆ ರವಿವಾರ, ಒಂದು ಹಳೆಯ ಜೀಪಿನಲ್ಲಿ, ಶಹಾಬಾದಿನ ಆಚೆಯ ಕಲ್ಲುಗಣಿಗಳ ಕಡೆ ಹೋಗುವುದು. ಸಂಬಳವಿಲ್ಲ, ಊಟದ ಡಬ್ಬಿ ಅವರವರದೇ. ಬ್ಯಾನರಿನ ಮೇಲೆ ಬಳಗದ ಹೆಸರು ಮಾರುದ್ದ ಇತ್ತು. ಗಣಿಯ ಜನ ಮಾತ್ರ ಅದನ್ನು ಐತಾರದ ದವಾಖಾನಿ ಎಂದರು.

ಅಲ್ಲಿ ತಗಡಿನ ಚಪ್ಪರ, ಅದರ ಕೆಳಗೆ ಎರಡು ಕಲ್ಲಿನ ಮೇಲೆ ಹಾಸಿದ ಫರಸಿ ಚಪ್ಪಡಿಯೇ ನನ್ನ ಮೇಜು. ಏಪ್ರಿಲಿನಲ್ಲಿ ಅದರ ಮೇಲೆ ರೊಟ್ಟಿ ಬೇಯಿಸಬಹುದಿತ್ತು. ಅಲ್ಲಿ ಬಂದ ತೋಳುಗಳೋ, ನನ್ನ ಪಟ್ಟಿ ಎರಡು ಸುತ್ತು ಬಂದು ಇನ್ನೂ ಮಿಕ್ಕುತ್ತಿತ್ತು. ಮೂವತ್ತರ ಗಂಡಸರು ಐವತ್ತರವರಂತೆ ಕೆಮ್ಮುತ್ತಿದ್ದರು. ಹತ್ತಿರದ ದವಾಖಾನೆಗೆ ಹೋಗಬೇಕೆಂದರೆ ಒಂದು ದಿನದ ಕೂಲಿ ಬಿಡಬೇಕು. ಹಾಗಾಗಿ ನಮ್ಮನ್ನು ಬಿಟ್ಟರೆ ಅವರಿಗೆ ಯಾರೂ ಇರಲಿಲ್ಲ.

ನನ್ನನ್ನು ನೋಡಿಕೊಳ್ಳುವ ಕೆಲಸ ಎಸ್ತರಮ್ಮ ಸಿಸ್ಟರಿಗೆ ಬಂತು. ಮೂವತ್ತೆಂಟು ವರ್ಷ ಹೆರಿಗೆ ವಾರ್ಡಿನಲ್ಲಿ ದುಡಿದ ಹೆಂಗಸು. ಗಟ್ಟಿ ದನಿ, ಇಸ್ತ್ರಿ ಮಾಡಿದ ಬಿಳಿ ಸೀರೆ, ರವಿವಾರ ಚರ್ಚು ತಪ್ಪುತ್ತದೆಂದು ಶನಿವಾರವೇ ಹೋಗಿ ಪ್ರಾರ್ಥನೆ ಮುಗಿಸಿ ಬರುತ್ತಿದ್ದರು. ನನ್ನನ್ನು ಅವರು ಕರೆಯುತ್ತಿದ್ದುದು ಮುದುಕ ಎಂದು. ನನಗೆ ಸಿಟ್ಟು ಬರುತ್ತಿತ್ತು, ಆದರೆ ಅವರ ಕೈಯಷ್ಟು ಹಗುರವಾದ ಕೈ ನಾನು ಕಂಡಿಲ್ಲ.

ನನ್ನನ್ನು ಮುಚ್ಚುವುದಕ್ಕೊಂದು ಕ್ರಮವಿದೆ. ಪೆಟ್ಟಿಗೆಯನ್ನು ಒಂದು ಬದಿಗೆ ವಾಲಿಸಬೇಕು, ಪಾದರಸವೆಲ್ಲ ಬುಡದ ಡಬ್ಬಿಗೆ ಇಳಿಯಬೇಕು, ಆಮೇಲೆ ಸಣ್ಣ ಕೀಲಿ ತಿರುಗಿಸಿ ಮುಚ್ಚಳ ಹಾಕಬೇಕು. ಒಂದು ಸಲ ಯಾರೋ ಅವಸರದಲ್ಲಿ ಹಾಗೇ ಪಟ್ಟೆಂದು ಮುಚ್ಚಿಬಿಟ್ಟರು. ಗಣಿಯ ಹಾದಿಯ ತಗ್ಗುದಿನ್ನೆಯಲ್ಲಿ ಜೀಪು ಎತ್ತಿ ಎತ್ತಿ ಒಗೆಯಿತು. ಕಲಬುರಗಿ ಮುಟ್ಟುವ ಹೊತ್ತಿಗೆ ನನ್ನ ಪಾದರಸ ಅರ್ಧಕ್ಕರ್ಧ ಸೀಟಿನ ಕೆಳಗೆ ಮಣಿ ಮಣಿಯಾಗಿ ಉರುಳಾಡುತ್ತಿತ್ತು. ಅವತ್ತಿನಿಂದ ನನ್ನ ಬೆಳ್ಳಿಗೆರೆ ಸೊನ್ನೆಯವರೆಗೆ ಏರಲೇ ಇಲ್ಲ. ಎಷ್ಟೇ ಹೆಣಗಿದರೂ ಇದ್ದುದಕ್ಕಿಂತ ಕಡಿಮೆಯೇ ತೋರಿಸುತ್ತಿದ್ದೆ. ನಾಚಿಕೆಯಿಂದ ಸತ್ತೇ ಹೋಗಬೇಕೆನಿಸಿತು.

ರಿಪೇರಿಯವನು ಪಾದರಸದ ಕೆಲಸ ಬಿಟ್ಟು ಎಷ್ಟೋ ಕಾಲವಾಯಿತೆಂದು ಕೈ ಅಲ್ಲಾಡಿಸಿದ. ಯಾರೋ ಪುಣ್ಯಾತ್ಮರು ಒಂದು ಬ್ಯಾಟರಿ ಮಷೀನು ಕೊಟ್ಟರು. ಕಲ್ಲುಪುಡಿ ಕುಡಿದು ಅದು ಮೂರು ತಿಂಗಳಿಗೆ ಕಣ್ಣು ಮುಚ್ಚಿತು. ಆಗ ಎಸ್ತರಮ್ಮ ನನ್ನನ್ನು ಸರ್ಕಾರಿ ಆಸ್ಪತ್ರೆಗೆ ಒಯ್ದು, ಅಲ್ಲಿನ ಒಳ್ಳೆಯ ಯಂತ್ರದಿಂದ ಒಮ್ಮೆ, ನನ್ನಿಂದ ಒಮ್ಮೆ, ತಮ್ಮದೇ ತೋಳು ನೋಡಿಕೊಂಡರು. ಹತ್ತು ಸಲ ನೋಡಿದರೂ ನಾನು ಇಪ್ಪತ್ತು ಕಡಿಮೆ. ಸರಿ, ಇಪ್ಪತ್ತು ಕೂಡಿಸಿಕೊಂಡರಾಯಿತು ಎಂದರು. ಮೇಲಿನದಕ್ಕೆ ಇಪ್ಪತ್ತು, ಕೆಳಗಿನದಕ್ಕೂ ಇಪ್ಪತ್ತು. ಮನಸ್ಸಿನಲ್ಲೇ ಕೂಡಿಸಿ, ಕೂಡಿಸಿದ್ದನ್ನೇ ರೋಗಿಯ ಚೀಟಿಯ ಮೇಲೆ ಬರೆಯುತ್ತಿದ್ದರು. ಬಳಗದವರು ಅದಕ್ಕೆ ಎಸ್ತರಮ್ಮನ ಇಪ್ಪತ್ತು ಎಂದು ಹೆಸರಿಟ್ಟು ನಗಾಡಿದರು. ಆಮೇಲೆ ಅದು ನಗುವ ಮಾತಾಗಿಯೂ ಉಳಿಯಲಿಲ್ಲ, ರೂಢಿಯಾಗಿ ಹೋಯಿತು. ನಾಲ್ಕು ವರ್ಷ ಹಾಗೇ ನಡೆಯಿತು. ಹೊಸ ಯಂತ್ರದ ಮಾತು ಬಂದಾಗಲೆಲ್ಲ, ಇದ್ದದ್ದರಲ್ಲಿ ನಡೆಯುತ್ತದಲ್ಲ, ಆ ದುಡ್ಡಿಗೆ ಮಾತ್ರೆ ತರೋಣ ಎಂದು ಎಲ್ಲರೂ ಅನ್ನುತ್ತಿದ್ದರು.

ಸಾಬಮ್ಮ ಬಂದದ್ದು ಆ ಕಾಲದಲ್ಲಿ. ಇಪ್ಪತ್ಮೂರು ವರ್ಷದ ಕಲ್ಲು ಹೊರುವ ಹೆಣ್ಣುಮಗಳು. ಎರಡು ಸಲ ಬಸುರಿಯಾಗಿ ಎರಡು ಸಲವೂ ಏಳನೆಯ ತಿಂಗಳಿಗೆ ಕಳೆದುಕೊಂಡಿದ್ದಳು. ಈಗ ಮೂರನೆಯದು. ಅತ್ತೆ ಲಚಮವ್ವ ಪ್ರತಿ ಸಲವೂ ಹಿಂದೆಯೇ ಬಂದು, ಸೊಸೆಯ ತೋಳಿಗೆ ಪಟ್ಟಿ ಸುತ್ತುವುದನ್ನು ದೇವರಿಗೆ ಮಂಗಳಾರತಿ ಎತ್ತಿದಷ್ಟು ಭಕ್ತಿಯಿಂದ ನೋಡುತ್ತಿದ್ದಳು. ಸಾಬಮ್ಮನಿಗೋ ಪಟ್ಟಿ ಬಿಗಿಯಾದರೆ ನಗು. ಯಾರೋ ಕೈ ಹಿಡಿದಂಗ ಆಗ್ತದ ಎಂದು ಮುಸಿಮುಸಿ ನಗುತ್ತಿದ್ದಳು. ಆ ಹುಡುಗಿಯ ಮೇಲೆ ನನಗೆ ಅಕ್ಕರೆ ಹುಟ್ಟಿಬಿಟ್ಟಿತು, ಏಕೆ ಸುಳ್ಳು ಹೇಳಲಿ.

ಎಸ್ತರಮ್ಮ ಅವಳನ್ನು ಕಲ್ಲು ಹೊರುವುದರಿಂದ ಬಿಡಿಸಿದರು, ಉಪ್ಪಿನಕಾಯಿ ಬಿಡಿಸಿದರು. ಏಳು ತಿಂಗಳು ದಾಟಿತು. ಲಚಮವ್ವ ಬಟ್ಟೆಯ ತುಂಡು ಕೂಡಿಸಿ ಕೌದಿ ಹೊಲಿಯತೊಡಗಿದಳು. ಎಂಟನೆಯ ತಿಂಗಳಲ್ಲಿ ನನ್ನ ಗೆರೆ ನೂರಿಪ್ಪತ್ತು, ಎಪ್ಪತ್ತು ತೋರಿಸಿತು. ಎಸ್ತರಮ್ಮ ಹುಬ್ಬು ಗಂಟಿಕ್ಕಿ ಚೀಟಿಯ ಮೇಲೆ ನೂರ ನಲವತ್ತು, ತೊಂಬತ್ತು ಎಂದು ಬರೆದರು. ಮುಂದಿನ ಸಲ ಇದಕ್ಕಿಂತ ಚೂರು ಏರಿದರೂ ನಮ್ಮ ಜೀಪಿನಲ್ಲೇ ಕಲಬುರಗಿಗೆ ಕರೆದೊಯ್ದು ದೊಡ್ಡ ಆಸ್ಪತ್ರೆಗೆ ಸೇರಿಸುವುದು ಎಂದು ಲಚಮವ್ವನಿಗೆ ಹೇಳಿ, ಚೀಟಿಯ ಮೇಲೂ ಬರೆದರು.

ಆ ಮುಂದಿನ ಸಲ ಎಸ್ತರಮ್ಮನೇ ಬರಲಿಲ್ಲ. ಕಣ್ಣಿನ ಪೊರೆ ತೆಗೆಸಿಕೊಂಡು ಮನೆಯಲ್ಲಿದ್ದರು. ಅವರ ಜಾಗಕ್ಕೆ ಡಾಕ್ಟರ್ ಮೇದಿನಿ ಬಂದಳು. ಆಗತಾನೆ ಓದು ಮುಗಿಸಿದವಳು, ಚುರುಕು, ಯಾರನ್ನೂ ಗದರುವವಳಲ್ಲ. ಜೀಪಿನಲ್ಲಿ ಅವಳಿಗೆ ಎಲ್ಲ ಹೇಳಿಕೊಟ್ಟರು. ಯಾವ ಮಾತ್ರೆ ಯಾವ ಡಬ್ಬಿಯಲ್ಲಿದೆ, ಯಾರಿಗೆ ಕ್ಷಯದ ಔಷಧಿ ನಡೆದಿದೆ, ನೀರು ಎಲ್ಲಿ ಸಿಗುತ್ತದೆ. ಇಪ್ಪತ್ತರ ಮಾತು ಒಂದನ್ನು ಯಾರೂ ಎತ್ತಲಿಲ್ಲ. ಎಲ್ಲರಿಗೂ ಅಷ್ಟು ಚೆನ್ನಾಗಿ ಗೊತ್ತಿದ್ದ ಸಂಗತಿಯನ್ನು ಇನ್ನೊಬ್ಬರಿಗೆ ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಸಾಬಮ್ಮ ಕೂತಳು. ಪಟ್ಟಿ ಸುತ್ತಿದಾಗಲೇ ನನಗೆ ಗೊತ್ತಾಯಿತು. ತೋಳು ಊದಿತ್ತು. ಅವತ್ತು ಅವಳು ನಗಲೂ ಇಲ್ಲ, ತಲೆ ನೋವು ಎಂದಳು. ನನ್ನ ಗೆರೆ ನೂರ ಮೂವತ್ತಾರಕ್ಕೆ ನಿಂತಿತು, ಕೆಳಗೆ ಎಂಬತ್ತಾರಕ್ಕೆ. ಮೇದಿನಿ ಅದನ್ನೇ ಚೀಟಿಯ ಮೇಲೆ ಬರೆದು, ಮೇಲಿನ ಸಾಲು ನೋಡಿದಳು. ಹೋದ ಸಲ ನೂರ ನಲವತ್ತು, ತೊಂಬತ್ತು. ಅವಳ ಮುಖ ಅರಳಿತು.

"ಇಳಿದಿದೆ ಅಮ್ಮ. ಇವತ್ತು ಆಸ್ಪತ್ರೆಗೆ ಹೋಗೋ ಅವಸರ ಇಲ್ಲ."

ಇಳಿದಿಲ್ಲ ತಾಯೀ, ಏರಿದೆ, ಇಪ್ಪತ್ತು ಕೂಡಿಸು ಎಂದು ನಾನು ಒಳಗೊಳಗೇ ಅರಚಿಕೊಂಡೆ. ಗಾಜಿಗೆ ಬಾಯಿ ಎಲ್ಲಿಯದು? ಮೇದಿನಿ ತಲೆನೋವಿಗೆ ಮಾತ್ರೆ ಕೊಟ್ಟು, ಬಿಸಿಲಲ್ಲಿ ತಿರುಗಬೇಡ ಎಂದಳು. ಲಚಮವ್ವ ಇಳಿದಿದೆಯಂತೆ ಎಂದು ಸಾಲಿನಲ್ಲಿದ್ದವರಿಗೆಲ್ಲ ಹೇಳುತ್ತ ಸೊಸೆಯನ್ನು ಮನೆಗೆ ಕರೆದುಕೊಂಡು ಹೋದಳು.

ಗುರುವಾರ ಬೆಳಗ್ಗೆ ಒಲೆಯ ಮುಂದೆ ಸಾಬಮ್ಮನಿಗೆ ಒತ್ತಡ ನೆತ್ತಿಗೇರಿ ಫಿಟ್ಸ್ ಬಂತು. ಕಲ್ಲು ಸಾಗಿಸುವ ಟ್ರಾಕ್ಟರಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೊರಟರು. ದಾರಿಯಲ್ಲೇ ಅವಳೂ ಹೋದಳು, ಹೊಟ್ಟೆಯಲ್ಲಿದ್ದುದೂ ಹೋಯಿತು.

ಸುದ್ದಿ ಕೇಳಿದ ಎಸ್ತರಮ್ಮ ಕಪ್ಪು ಕನ್ನಡಕದಲ್ಲೇ ಬಳಗದ ಆಫೀಸಿಗೆ ಬಂದು, ಚೀಟಿಗಳ ಕಟ್ಟು ಬಿಚ್ಚಿ ಸಾಬಮ್ಮನದನ್ನು ಕಣ್ಣಿನ ಹತ್ತಿರ ಹಿಡಿದರು. ಅವರ ತುಟಿ ಅಲ್ಲಾಡಿತು. ನೂರ ಐವತ್ತಾರು. ನೂರ ಆರು. ಮೇದಿನಿಗೆ ಫೋನು ಮಾಡಿ, ಇಪ್ಪತ್ತು ಕೂಡಿಸಿದ್ದೆಯಾ ಮಗಳೇ ಎಂದು ಕೇಳಿದರು.

"ಯಾವ ಇಪ್ಪತ್ತು, ಸಿಸ್ಟರ್?" ಎಂದಳು ಆ ಹುಡುಗಿ.

ಅಣವೀರಪ್ಪನವರು ಕೆಟ್ಟವರಲ್ಲ. ತಲೆ ಹಿಡಿದುಕೊಂಡು ಕೂತರು. ಆದರೆ ಸಾಬಮ್ಮನ ಮನೆಯವರಿಗೆ ಹೇಳುವುದು ಬೇಡ ಎಂದರು. ಹೇಳಿದರೆ ಜನ ನಮ್ಮನ್ನು ನಂಬುವುದಿಲ್ಲ, ಗಣಿಯ ಮಾಲೀಕರಿಗೆ ನಮ್ಮನ್ನು ಓಡಿಸಲು ನೆಪ ಸಿಗುತ್ತದೆ, ಉಳಿದವರ ಕ್ಷಯದ ಔಷಧಿ ನಿಂತರೆ ಇನ್ನೂ ನಾಲ್ಕು ಹೆಣ ಬೀಳುತ್ತವೆ ಎಂದರು. ಅವರ ಮಾತನ್ನು ಸುಳ್ಳು ಎನ್ನುವಂತಿರಲಿಲ್ಲ. ಎಸ್ತರಮ್ಮ ಎಲ್ಲ ಕೇಳಿಸಿಕೊಂಡರು. ಮರುದಿನ ನನ್ನನ್ನು ಕಂಕುಳಲ್ಲಿ ಇಟ್ಟುಕೊಂಡು ಒಬ್ಬರೇ ಬಸ್ಸು ಹತ್ತಿದರು.

ಲಚಮವ್ವನ ಗುಡಿಸಲಿನ ಮುಂದೆ ಫರಸಿಯ ಮೇಲೆ ಕೂತು ನನ್ನ ಮುಚ್ಚಳ ತೆರೆದರು.

"ಲಚಮವ್ವ, ಈ ಮಷೀನು ಇಪ್ಪತ್ತು ಕಮ್ಮಿ ತೋರಸ್ತದ. ನಮಗ ಗೊತ್ತಿತ್ತು. ಹೊಸ ಡಾಕ್ಟರಿಗಿ ನಾ ಹೇಳಿರಲಿಲ್ಲ. ಹೇಳಿದ್ರ ನಿನ್ನ ಸೊಸಿ ಅವತ್ತೇ ದೊಡ್ಡ ದವಾಖಾನಿಗಿ ಹೋಗ್ತಿದ್ಳು. ತಪ್ಪು ನಂದು."

ಬಾಗಿಲಲ್ಲಿ ಲಚಮವ್ವನ ಸಣ್ಣ ಸೊಸೆ ಸೆರಗು ಕಚ್ಚಿಕೊಂಡು ನಿಂತಿದ್ದಳು. ಆಮೇಲೆ ಮುದುಕಿ ಎದ್ದು ನನ್ನನ್ನು ಎರಡೂ ಕೈಯಿಂದ ಎತ್ತಿಕೊಂಡಳು. ಬಡಿ ತಾಯೀ ಎಂದುಕೊಂಡೆ. ಈ ಕಲ್ಲಿನ ಮೇಲೆ ಎತ್ತಿ ಬಡಿದುಬಿಡು, ನಿನಗೂ ಹಗುರಾಗಲಿ ನನಗೂ ಹಗುರಾಗಲಿ. ಅವಳು ತನ್ನ ಸೆರಗಿನಿಂದ ನನ್ನ ಮೇಲಿನ ಕಲ್ಲುಪುಡಿ ಒರೆಸಿದಳು. ಮುಚ್ಚಳ ಮುಚ್ಚಿ ಎಸ್ತರಮ್ಮನ ತೊಡೆಯ ಮೇಲಿಟ್ಟಳು.

"ಸಣ್ಣ ಸೊಸಿಗಿ ಮೂರು ತಿಂಗಳಾಗ್ಯಾದ್ರಿ ಸಿಸ್ಟರಮ್ಮ. ಬರೋ ಐತಾರ ನೀವು ಬರ್ತೀರಿಲ್ರಿ?"

ಎಸ್ತರಮ್ಮ ಹೂಂ ಎಂದು ತಲೆಯಾಡಿಸಿದರು.

ಅದೇ ವಾರ ಹೊಸ ಯಂತ್ರ ಬಂತು. ಮೇದಿನಿ ಈಗಲೂ ತಪ್ಪದೆ ಗಣಿಗೆ ಹೋಗುತ್ತಾಳೆ, ಒಂದೊಂದು ತೋಳನ್ನೂ ಮೂರು ಮೂರು ಸಲ ನೋಡುತ್ತಾಳಂತೆ. ನಾನು ಬಳಗದ ಆಫೀಸಿನ ಕಪಾಟಿನಲ್ಲಿ, ಹರಿದ ಬ್ಯಾನರಿನ ಹಿಂದೆ ಬಿದ್ದಿದ್ದೇನೆ. ಪಾದರಸ ವಿಷವೆಂದು ಗುಜರಿಯವನೂ ಒಯ್ಯಲಿಲ್ಲ. ಲಚಮವ್ವ ದೊಡ್ಡ ಮನಸ್ಸಿನವಳು, ನಮ್ಮನ್ನು ಕ್ಷಮಿಸಿದಳು ಎಂದು ಬಳಗದವರು ಈಗಲೂ ಮಾತಾಡಿಕೊಳ್ಳುತ್ತಾರೆ. ಹಾಗೆ ಅಂದುಕೊಂಡರೆ ಅವರಿಗೆ ಊಟ ಸೇರುತ್ತದೆ, ಅಂದುಕೊಳ್ಳಲಿ. ಆದರೆ ಅವತ್ತು ಅವಳ ಕೈಯಲ್ಲಿದ್ದವನು ನಾನು. ತೋಳು ಹಿಡಿದು ಒಳಗಿನದನ್ನು ಹೇಳುವುದೇ ಜೀವನವಿಡೀ ನನ್ನ ಕಸುಬು. ಬೈದರೆ ಜೀಪು ಬರಲಿಕ್ಕಿಲ್ಲ ಎಂಬ ಹೆದರಿಕೆಗೆ ಆ ಕೈಗಳು ಗಡಗಡ ನಡುಗುತ್ತಿದ್ದವು.