ಹನ್ನೊಂದು ನಿಮಿಷ

ನರಕೋಶದಲ್ಲಿ ಒಂದು ಪ್ರೋಟೀನು ಇನ್ನೊಂದರ ಮೇಲೆ ಗುರುತು ಹಾಕಿದರೆ ಸಂದೇಶ ಮುಂದೆ ಹೋಗುತ್ತದೆ. ಮತ್ತೊಂದು ಬಂದು ಆ ಗುರುತನ್ನು ಒರೆಸಿದರೆ ನಿಲ್ಲುತ್ತದೆ. ಈ ಒರೆಸುವ ಪ್ರೋಟೀನು ಮನುಷ್ಯ ಸತ್ತ ಮೇಲೂ ಕೆಲಸ ಬಿಡುವುದಿಲ್ಲ. ತಣ್ಣಗಿಟ್ಟರೆ ಮಾತ್ರ ಸುಮ್ಮನಿರುತ್ತದೆ.

ದಾನವಾಗಿ ಬಂದ ಮಿದುಳಿನ ಮುಂದೆ ನನ್ನ ಕಣ್ಣು ಒದ್ದೆಯಾದಾಗಲೆಲ್ಲ, ಲ್ಯಾಬಿನಲ್ಲಿ ನನಗೆ ಕೆಲಸ ಕಲಿಸಿದ ಮೇಷ್ಟ್ರು ಗದರುತ್ತಿದ್ದರು: "ಮೊದ್ಲು ಐಸಲ್ಲಿಡು, ಆಮೇಲೆ ಅಳು!" ಇಪ್ಪತ್ತು ವರ್ಷ ಇದನ್ನೇ ಹೇಳಿ ನನ್ನ ತಲೆ ತಿಂದಿದ್ದರು.

ಮರೆವಿನ ಕಾಯಿಲೆ ಎಂದು ಗೊತ್ತಾದ ದಿನವೇ ಅವರು ತಮ್ಮ ಮಿದುಳನ್ನು ನಮ್ಮ ಲ್ಯಾಬಿಗೆ ಬರೆದುಕೊಟ್ಟಿದ್ದರು. ಅವರು ತೀರಿಕೊಂಡ ಮೇಲೆ, ಮೊನ್ನೆ, ಅದರದೊಂದು ಚೂರು ಪುಟ್ಟ ಟ್ಯೂಬಿನಲ್ಲಿ ನನ್ನ ಮೇಜಿಗೆ ಬಂತು. ಐಸಿನಿಂದ ಕೈಗೆತ್ತಿಕೊಂಡೆ. ಕೆಳಗಿಡಲು ಮನಸ್ಸೇ ಬರಲಿಲ್ಲ. ಗಡಿಯಾರ ನೋಡುವಷ್ಟರಲ್ಲಿ ಹನ್ನೊಂದು ನಿಮಿಷ ಕಳೆದಿತ್ತು. ಲ್ಯಾಬಿಗೆ ನಿನ್ನೆ ಮೊನ್ನೆ ಸೇರಿದವರೂ ಮಾಡದ ತಪ್ಪು.

ಇವತ್ತು ಆ ಚೂರಿನ ಪರೀಕ್ಷೆಯ ಫಿಲ್ಮಿನಲ್ಲಿ ಪ್ರೋಟೀನಿನ ಗುರುತುಗಳು ಕಾಣಬೇಕಾದ ಜಾಗವೆಲ್ಲ ಖಾಲಿ. ಮೇಷ್ಟ್ರ ಹೆಂಡತಿಗೆ ಫೋನ್ ಮಾಡಿ, ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿ, ಬೈಗುಳಕ್ಕೆ ಕಾದೆ.



"ಹನ್ನೊಂದು ನಿಮಿಷ ಹಿಡ್ಕೊಂಡಿದ್ಯಾ?" ಎಂದರು ಅವರು. "ಕೊನೇ ಎರಡು ವರ್ಷದಲ್ಲಿ ಅವ್ರು ನಂಗೆ ಒಂದು ನಿಮಿಷಾನೂ ಮೈ ಮುಟ್ಟೋಕೆ ಬಿಡ್ಲಿಲ್ಲ ಕಣಮ್ಮ."