ಹೂಂ ಮೇಸ್ತ್ರಿಯ ಪಲ್ಟಿ

ಯುದ್ಧವಿಮಾನದ ಹಿಂದಿನ ಸೀಟಿನಲ್ಲಿ ಕೂತ ಅತಿಥಿ ಮಾಡಬೇಕಾದ ಕೆಲಸ ಒಂದೇ: ಮಾತಾಡುತ್ತಲೇ ಇರುವುದು. ಹೂಂ ಮೇಸ್ತ್ರಿಗೆ ಬಾರದ ಕೆಲಸವೂ ಅದೊಂದೇ.

ವಾಯುನೆಲೆಯ ಪ್ಯಾರಾಚೂಟ್ ವಿಭಾಗದಲ್ಲಿ ಪ್ಯಾರಾಚೂಟ್ ಮಡಚುವವರಿಗೆಲ್ಲ ಅವರು ಮೇಸ್ತ್ರಿ. ಉದ್ದನೆಯ ಮೇಜಿನ ಮೇಲೆ ಬಟ್ಟೆ ಹರವಿ, ದಾರಗಳು ಸಿಕ್ಕಾಗದಂತೆ ಬಿಡಿಸಿ, ಒಂದೊಂದೇ ಮಡಿಕೆಯನ್ನು ಅಂಗೈಯಿಂದ ನೇವರಿಸಿ ಕೂರಿಸುವ ಕೆಲಸ. ನಡುವೆ ಯಾರಾದರೂ ಮಾತಿಗೆಳೆದು ಒಂದು ಮಡಿಕೆ ತಪ್ಪಿದರೆ, ಎಲ್ಲ ಬಿಚ್ಚಿ ಮತ್ತೆ ಮೊದಲಿನಿಂದ. ಹಾಗಾಗಿ ‘ಮಡಚುವವರೊಡನೆ ಮಾತಾಡಬೇಡಿ’ ಎಂಬ ಫಲಕ ಗೋಡೆಯ ಮೇಲಿತ್ತು. ಏನು ಕೇಳಿದರೂ ತಲೆಯೆತ್ತದೆ ‘ಹೂಂ’ ಎನ್ನುವುದು ಅಲ್ಲಿನ ರೂಢಿ. ಉಳಿದವರು ಸಂಜೆ ಬೀಗ ಹಾಕುವಾಗ ಆ ರೂಢಿಯನ್ನು ಅಲ್ಲೇ ಬಿಟ್ಟು ಹೋಗುತ್ತಿದ್ದರು. ಮೇಸ್ತ್ರಿ ಮನೆಗೆ ತಂದರು.

“ಗೋಡೆ ಹತ್ರ ಮಾತಾಡಿದ್ರೆ ಪ್ರತಿಧ್ವನಿನಾದ್ರೂ ಬರುತ್ತೆ,” ಎಂದು ಅವರ ಹೆಂಡತಿ ತಂಗಿಯ ಬಳಿ ಹೇಳಿಕೊಳ್ಳುತ್ತಿದ್ದರು. “ಬೇರೆಯವರಿಗೆ ಈ ಕಿವೀಲಿ ಹೋಗಿದ್ದು ಆ ಕಿವೀಲಿ ಆಚೆ ಬರುತ್ತೆ. ಇವರಿಗೆ ಒಳಗೇ ಹೋಗಲ್ಲ ಕಣೆ.”

ನಿವೃತ್ತರಾಗುವ ಹಿರಿಯ ಕೆಲಸಗಾರರನ್ನು ಎರಡು ಸೀಟಿನ ವಿಮಾನದಲ್ಲಿ ಒಂದು ಸುತ್ತು ಹಾಕಿಸುವುದು ಆ ನೆಲೆಯ ಪದ್ಧತಿ. ಮೇಜಿನೆದುರಿನ ಕಿಟಕಿಯಿಂದ ವಿಮಾನಗಳು ಪಲ್ಟಿ ಹೊಡೆಯುವುದನ್ನು ಮೇಸ್ತ್ರಿ ಕೆಲಸಕ್ಕೆ ಸೇರಿದ ದಿನದಿಂದ ನೋಡಿದ್ದರು. ಮೇಲೇರಿ, ತಲೆಕೆಳಗಾಗಿ, ಇಳಿದು, ಹೊರಟ ಜಾಗಕ್ಕೇ ಬಂದು ಸೇರುವ ಪೂರ್ತಿ ಸುತ್ತು. ಒಂದೇ ಒಂದು ಸಲ ತಾವೂ ಹಾಗೆ ತಿರುಗಬೇಕೆಂಬುದು ಅವರ ಆಸೆ. ಯಾರ ಬಳಿಯೂ ಏನನ್ನೂ ಬಾಯಿಬಿಟ್ಟು ಕೇಳದ ಮನುಷ್ಯ ಮೇಲಧಿಕಾರಿಯ ಎದುರು ನಿಂತು “ಪಲ್ಟಿ ಬೇಕು” ಎಂದಾಗ, ಅಧಿಕಾರಿ ಪೆನ್ನು ಕೆಳಗಿಟ್ಟು ಒಪ್ಪಿದ್ದರು.

ವೈದ್ಯರು ಎದೆ, ಬೆನ್ನು, ರಕ್ತದೊತ್ತಡ ನೋಡಿ ಅಡ್ಡಿಯಿಲ್ಲ ಎಂದರು. ಪೈಲಟ್ ಮೇಸ್ತ್ರಿಯ ಮಗಳ ವಯಸ್ಸಿನ ಹೆಣ್ಣುಮಗಳು. ಹಾರುವ ಮುಂಚೆ ಕೂರಿಸಿಕೊಂಡು ವಿವರಿಸಿದರು.

“ಅಂಕಲ್, ಪಲ್ಟೀಲಿ ನಿಮ್ಮ ತೂಕ ನಾಲ್ಕು ಪಟ್ಟಾಗುತ್ತೆ. ರಕ್ತ ಎಲ್ಲ ಕಾಲಿಗಿಳಿಯುತ್ತೆ. ಕಾಲು, ಹೊಟ್ಟೆ ಬಿಗಿ ಹಿಡೀಬೇಕು. ಸೀಟಲ್ಲಿ ಹಳದಿ ಕಪ್ಪು ಪಟ್ಟೆ ಇರೋ ಹಿಡಿ ಇರುತ್ತೆ, ಮುಟ್ಟಬೇಡಿ. ಎಳೆದ್ರೆ ಸೀಟ್ ಸಮೇತ ಆಚೆ ಹಾರ್ತೀರ, ನೀವು ಮಡಚಿದ್ದು ಸರಿಯಾಗಿದ್ಯಾ ಅಂತ ನೀವೇ ನೋಡ್ಬೇಕಾಗುತ್ತೆ.”

“ಹೂಂ.”

“ನಂಗೆ ನೀವು ಕಾಣಲ್ಲ. ನಿಮ್ಮ ಮಾತೇ ಗುರುತು. ಮಾತು ನಿಲ್ತು ಅಂದ್ರೆ ಎಚ್ಚರ ತಪ್ಪಿದೆ ಅಂತ ವಾಪಸ್ ಬಂದ್ಬಿಡ್ತೀನಿ. ಪಲ್ಟಿ ಗಿಲ್ಟಿ ಏನೂ ಇಲ್ಲ.”

“ಹೂಂ.”

“ಹೂಂ ಲೆಕ್ಕಕ್ಕಿಲ್ಲ ಅಂಕಲ್. ಎಚ್ಚರ ತಪ್ಪೋರೂ ಕೊನೇಲಿ ಹೂಂ ಅಂತಾನೇ ಅಂತಾರೆ.”

ಮೇಸ್ತ್ರಿಯ ಮುಖ ಸಪ್ಪಗಾಯಿತು. ಪೈಲಟ್ ಇನ್ನೂ ಒಂದು ವಿಷಯ ಹೇಳಿದರು: ಅತಿಥಿಯ ಮಾತು ರೇಡಿಯೊ ಮೂಲಕ ಕೆಳಗಿನ ವಿಶ್ರಾಂತಿ ಕೋಣೆಗೂ ಹೋಗುತ್ತದೆ, ಮನೆಯವರು ಅಲ್ಲಿ ಕೂತು ಸ್ಪೀಕರಿನಲ್ಲಿ ಕೇಳುತ್ತಾರೆ. ಅಷ್ಟು ಹೊತ್ತು ಏನು ಮಾತಾಡುವುದಪ್ಪಾ ಎಂಬ ಚಿಂತೆಯಲ್ಲಿದ್ದ ಮೇಸ್ತ್ರಿಗೆ ಅದೊಂದು ಮಾತು ಮಾತ್ರ ಕೇಳಿಸಲಿಲ್ಲ.

ವಿಮಾನ ಓಡಿತು, ಬೆನ್ನಿಗೆ ಯಾರೋ ಒದ್ದಂತಾಯಿತು, ನೆಲ ಜಾರಿಹೋಯಿತು.

“ಮಾತಾಡಿ ಅಂಕಲ್.”

“ಮೋಡ,” ಎಂದರು ಮೇಸ್ತ್ರಿ.

“ಹಾಂ, ಮೋಡ. ಆಮೇಲೆ?”

“ಬೆಳ್ಳಗಿದೆ.”

ಕೆಳಗೆ ವಿಶ್ರಾಂತಿ ಕೋಣೆಯಲ್ಲಿ ನಾದಿನಿ ಅಕ್ಕನ ತೋಳು ತಿವಿದಳು. “ಭಾವ ಭಾಷಣ ಶುರು ಮಾಡಿದ್ರು ನೋಡೆ!”

“ಮುಗೀತು ಬಿಡು. ಇನ್ನು ಒಂದು ವಾರ ಬಾಯಿ ಬಿಡಲ್ಲ.”

ಮೇಲೆ, ಪೈಲಟ್ ಸಣ್ಣದೊಂದು ತಿರುವು ತೆಗೆದುಕೊಂಡರು. ರಕ್ತ ಕಾಲಿಗಿಳಿಯದಿರಲೆಂದು ತೊಡಿಸಿದ್ದ ಸೂಟು ಗಾಳಿ ತುಂಬಿಕೊಂಡು ತೊಡೆ, ಹೊಟ್ಟೆಯನ್ನು ಹಿಂಡಿತು. ಕೆನ್ನೆ ಜೋತುಬಿತ್ತು. ಮಡಿಲಲ್ಲಿದ್ದ ಕೈ ಎತ್ತಲು ಹೋದರೆ ಬೇರೆ ಯಾರದೋ ಕೈಯಂತೆ ಬಿದ್ದುಕೊಂಡಿತ್ತು. ಮೇಸ್ತ್ರಿ ಹಲ್ಲು ಕಚ್ಚಿದರು.

“ಅಂಕಲ್? ಅಂಕಲ್?”

“ಹೂಂ.”

“ಸಾಕು ಅಂಕಲ್, ವಾಪಸ್ ಹೋಗೋಣ.”

ರೆಕ್ಕೆಗಳು ಸಮವಾದವು. ಮೂತಿ ನೆಲೆಯ ಕಡೆ ತಿರುಗಿತು. ಇಷ್ಟು ವರ್ಷ ಕಿಟಕಿಯಲ್ಲಿ ನೋಡಿದ ಪಲ್ಟಿ ಕೈತಪ್ಪುತ್ತಿದೆ. ಮೇಸ್ತ್ರಿ ತಲೆಯೆಲ್ಲ ತಡಕಾಡಿದರು. ತಮ್ಮದು ಎನ್ನುವಂಥ ಮಾತು ಒಂದೂ ಸಿಗಲಿಲ್ಲ. ಸಿಕ್ಕಿದ್ದೆಲ್ಲ ಬೇರೆಯವರದು.

“ಒದ್ದೆ ಟವೆಲ್ ಹಾಸಿಗೆ ಮೇಲೆ ಹಾಕ್ಬೇಡಿ ಅಂತ ಎಷ್ಟು ಸಲ ಬಡ್ಕೊಳ್ಳೋದು!” ಎಂದು ಕೂಗಿದರು.

ಪೈಲಟ್ ಬೆಚ್ಚಿದರು. “ನಂಗಾ ಅಂಕಲ್?”

“ನಿಮಗಲ್ಲ. ಹೊಡೀರಿ ಪಲ್ಟಿ! ನಲ್ಲಿ ಸೋರ್ತಿದೆ, ಸೋರ್ತಿದೆ ಅಂತ ಹೇಳಿ ಹೇಳಿ ನನ್ನ ಗಂಟಲೇ ಸೋರೋ ಹಾಗಾಯ್ತು. ಫೋಟೊ ಸೊಟ್ಟಕ್ಕೆ ಹೊಡ್ದಿದೀರ, ನೋಡ್ದೋರೆಲ್ಲ ಕತ್ತು ವಾಲಿಸ್ತಾರೆ. ನಿಮ್ಮಕ್ಕ ಬಂದಾಗ ಮಾತ್ರ ನಗ್ತೀರ, ನನ್ನ ತಂಗಿ ಬಂದ್ರೆ ಪೇಪರ್ ಹಿಡ್ಕೋತೀರ…”

ನಗುತ್ತಲೇ ಪೈಲಟ್ ಮೂತಿ ಎತ್ತಿದರು. ನಾಲ್ಕು ಮೇಸ್ತ್ರಿಗಳು ಒಬ್ಬರ ಮೇಲೊಬ್ಬರು ಕೂತಂತಾಯಿತು. ಆದರೂ ಮಾತು ತಿದಿ ಒತ್ತಿದಂತೆ ಹೊರಬೀಳುತ್ತಲೇ ಇತ್ತು: “ಕೊಡೆ… ಬಸ್ಸಲ್ಲಿ… ಬಿಟ್ಟು… ಬಂದ್ರಲ್ಲ… ಹೊಸಾ ಕೊಡೆ…”

ವಿಶ್ರಾಂತಿ ಕೋಣೆಯಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾದಿನಿಗಂತೂ ಕಣ್ಣಲ್ಲಿ ನೀರು. “ಅಕ್ಕಾ, ನಿನ್ನ ರಾಗಾನೂ ಬಿಟ್ಟಿಲ್ಲ ಕಣೆ!”

ಅಕ್ಕ ನಗಲಿಲ್ಲ. “ಆ ಕೊಡೆ ವಿಷಯ ಮದುವೆಯಾದ ಹೊಸದರಲ್ಲಿ ಹೇಳಿದ್ದು,” ಎಂದರು ಮೆಲ್ಲಗೆ.

ಪಲ್ಟಿಯ ತುದಿಯಲ್ಲಿ ಭಾರವೆಲ್ಲ ಕಳಚಿತು. ನೆಲ ತಲೆಯ ಮೇಲೆ ಬಂತು. ಪ್ಯಾರಾಚೂಟ್ ವಿಭಾಗದ ತಗಡಿನ ಚಾವಣಿ ಅಂಚೆಚೀಟಿಯಷ್ಟಾಗಿ ಮೇಲೆ ಅಂಟಿಕೊಂಡಿತ್ತು. ಸುಮ್ಮನಿದ್ದು ನೋಡಬೇಕಾದ ಗಳಿಗೆ, ಸುಮ್ಮನಿರುವಂತಿಲ್ಲ. ಮೇಸ್ತ್ರಿ ಮೆತ್ತಗೆ ಅಂದರು: “ಒಂದಿನ ನಾನು ಮಾತು ನಿಲ್ಲಿಸ್ತೀನಿ. ಆಗ ಗೊತ್ತಾಗುತ್ತೆ ನಿಮಗೆ.”

ಕೆಳಗಿಳಿದಾಗ ಮೇಸ್ತ್ರಿಯ ಮುಖದಲ್ಲಿ ಮದುಮಗನ ಕಳೆ. ನಾದಿನಿ ಓಡಿಬಂದಳು. “ಭಾವ, ಒಂದಕ್ಷರ ಬಿಡದೆ ಕೇಳಿಸ್ತು! ಸ್ಪೀಕರಲ್ಲಿ!”

ನಾಲ್ಕು ಪಟ್ಟು ತೂಕದಲ್ಲೂ ಇಳಿಯದ ರಕ್ತ ಈಗ ಮುಖದಿಂದ ಪೂರ್ತಿ ಇಳಿಯಿತು.

ಹೆಂಡತಿ ಏನೂ ಅನ್ನಲಿಲ್ಲ. ನೆಲೆಯ ಜೀಪಿನಲ್ಲೂ ಅನ್ನಲಿಲ್ಲ. ಮನೆಯ ಬೀಗ ತೆಗೆದರು, ಚಹಾ ಇಟ್ಟರು, ಲೋಟ ತಂದು ಕೊಟ್ಟರು. ಅಡುಗೆಮನೆಯಲ್ಲಿ ನಲ್ಲಿ ತೊಟ್ಟಿಕ್ಕುವುದು ಮೇಸ್ತ್ರಿಗೆ ಅಷ್ಟು ಜೋರಾಗಿ ಯಾವತ್ತೂ ಕೇಳಿಸಿರಲಿಲ್ಲ. ಚಹಾ ಆರಿತು. ಮೌನ ಎಂದರೆ ಏನೆಂದು ಅವರು ಮೊದಲ ಸಲ ಎದುರಿನಿಂದ ನೋಡುತ್ತಿದ್ದರು.

“ಏನಾದ್ರೂ ಮಾತಾಡು,” ಎಂದರು ಕೊನೆಗೆ.

“ಹೂಂ.”

“ಹೂಂ ಲೆಕ್ಕಕ್ಕಿಲ್ಲ.”

ಹೆಂಡತಿ ತಮ್ಮ ಲೋಟವನ್ನು ಟಕ್ಕನೆ ಕೆಳಗಿಟ್ಟರು. “ಅಲ್ಲಾ ರೀ, ಇಷ್ಟು ವರ್ಷ ಪಾಪ, ಕಿವಿಗೆ ಬೀಳಲ್ವೇನೋ ಅಂತ ನಾನೇ ಮಾಫಿ ಮಾಡಿದ್ದೆ. ಎಲ್ಲಾ ಬಾಯಿಪಾಠ ಇದ್ಯಲ್ಲ! ಮತ್ತೆ ನಲ್ಲಿ ಯಾಕ್ರೀ ಇನ್ನೂ ಸೋರ್ತಿದೆ?”

‘ಹೂಂ’ ನಾಲಿಗೆಯ ತುದಿಗೆ ಬಂದಿತ್ತು. ಮೇಸ್ತ್ರಿ ನುಂಗಿಕೊಂಡು ಎದ್ದರು. “ಸ್ಪ್ಯಾನರ್ ಎಲ್ಲಿದೆ?”

“ನೀವೇ ಹೇಳಿ.”

ಮೇಸ್ತ್ರಿ ಹೇಳಿದರು, ರಾಗ ಬಿಡದೆ: “ಮೆಟ್ಟಿಲ ಕೆಳಗಿನ ಡಬ್ಬೀಲಿ. ಅಲ್ಲೇ ಇರುತ್ತೆ, ಅಲ್ಲೇ ಇದೆ, ಬಗ್ಗಿ ನೋಡಿದ್ರೆ ತಾನೇ ಕಾಣೋದು!”

ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮೇಸ್ತ್ರಿ ಬಗ್ಗಿ ನೋಡಿದರು. ಅಲ್ಲೇ ಇತ್ತು.